ಮಂಗಳೂರಿನ ಒಬ್ಬ ಯೆಹೂದ್ಯ ಗೃಹಿಣಿ

ಹಿಂದಿನ ಕಾಲದ ಯೆಹೂದ್ಯ ಸ್ತ್ರೀಯರೆಂದರೆ ಅವರ ಧರ್ಮಗ್ರಂಥಗಳಲ್ಲಿ ಬರುವ ರಾಣಿಯರೂ ಭಕ್ತೆಯರೂ ನಮ್ಮ ನೆನಪಿಗೆ ಬರುವರು. ಹಿಟ್ಟು ನಾದಿ ರೊಟ್ಟಿ ಸುಟ್ಟು ಮಕ್ಕಳನ್ನು ಸಾಕಿದ ಸಾಮಾನ್ಯ ಗೃಹಿಣಿಯ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲ. ನಮ್ಮ ಮಾಯಸಂದ್ರದ ಕಡೆಯ ಕೊಬ್ಬರಿ ವರ್ತಕರ ಹಳೆಯ ಲೆಕ್ಕದ ಪುಸ್ತಕಗಳಲ್ಲಿಯೂ ಮನೆಯ ಹೆಂಗಸರ ಹೆಸರು ಮದುವೆಯ ಖರ್ಚಿನ ಹೊರತು ಕಾಣುವುದು ಅಪರೂಪ. ಆದರೂ ಕನ್ನಡ ನಾಡಿನ ಕರಾವಳಿಯಲ್ಲಿ ಬಾಳಿದ ಅಂತಹ ಒಬ್ಬಳ ಸುಳಿವು ದೂರದ ಈಜಿಪ್ಟಿನಲ್ಲಿ ಉಳಿದುಬಂದಿರುವುದು ಸೋಜಿಗವೇ ಸರಿ.

ದೇವರ ನಾಮವಿರಬಹುದಾದ ಬರಹವನ್ನು ನಾಶಮಾಡಬಾರದೆಂಬುದು ಯೆಹೂದ್ಯರ ಆಚಾರ. ಆದುದರಿಂದ ಹಳೆಯ ಕೈರೋವಿನ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಶತಮಾನಗಳ ಕಾಗದಗಳು ರಾಶಿಬಿದ್ದಿದ್ದವು. ೧೮೯೬-೯೭ರಲ್ಲಿ ಷೆಖ್ಟರ್ ಎಂಬ ಪಂಡಿತರು ಅವುಗಳ ಬಹುಭಾಗವನ್ನು ಕೇಂಬ್ರಿಜ್ಜಿಗೆ ಸಾಗಿಸಿದರು. ಅವುಗಳೊಳಗೆ ಶಾಸ್ತ್ರಗ್ರಂಥಗಳ ಜೊತೆಯಲ್ಲಿ ವರ್ತಕರ ಪತ್ರಗಳೂ, ಮದುವೆಯ ಕರಾರುಗಳೂ, ಬಳುವಳಿಯ ಪಟ್ಟಿಗಳೂ ಇದ್ದವು.

ಟ್ಯುನೀಸಿಯದ ಮಹ್ದಿಯಾ ಪಟ್ಟಣದ ಅಬ್ರಹಾಂ ಬೆನ್ ಯಿಜೂ ಎಂಬ ವರ್ತಕನು ಹೊಯ್ಸಳ ವಿಷ್ಣುವರ್ಧನನ ಕಾಲದಲ್ಲಿ ಮಂಗಳೂರಿಗೆ ಬಂದು ನೆಲೆಸಿದನು. ಏಡನ್ನಿಗೆ ಮೆಣಸು, ಕಬ್ಬಿಣ, ಅಡಿಕೆಗಳನ್ನು ಕಳುಹಿಸುತ್ತಿದ್ದನು. ಕಂಚಿನ ಪಾತ್ರೆಗಳ ಕಾರ್ಖಾನೆಯನ್ನೂ ನಡೆಸಿದನು. ೧೧೩೨ನೆಯ ಇಸವಿ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿಯೇ ಅವನು ಆಶು ಎಂಬ ದಾಸಿಗೆ ಬಿಡುಗಡೆಯ ಪತ್ರವನ್ನು ಬರೆದುಕೊಟ್ಟನು. ಯೆಹೂದ್ಯಳಾದ ಅವಳಿಗೆ ಬೆರಾಖಾ ಎಂದು ಹೆಸರಾಯಿತು. ಆಶೀರ್ವಾದವೆಂಬುದು ಅದರ ಅರ್ಥ. ಅವಳನ್ನೇ ಅವನು ಮದುವೆಯಾದನೆಂದು ವಿದ್ವಾಂಸರ ನಿರ್ಣಯ. ಅವಳ ಸೋದರನನ್ನು ಲೆಕ್ಕದಲ್ಲಿ ನಾಯರ್ ಎಂದು ಕರೆದಿರುವುದರಿಂದ ಅವಳ ಕುಲವನ್ನೂ ಊಹಿಸುತ್ತಾರೆ.

ಈ ಪತ್ರವು ಕೇವಲ ದಯೆಯ ಗುರುತೆಂದು ನಾನು ತಿಳಿಯಲಾರೆ. ಯೆಹೂದ್ಯ ಧರ್ಮಶಾಸ್ತ್ರದಲ್ಲಿ ಮಗುವು ತಾಯಿಯ ಸ್ಥಿತಿಯನ್ನೇ ಹೊಂದುತ್ತದೆ. ದಾಸಿಯ ಮಗು ದಾಸನೇ. ತಾಯಿ ಸ್ವತಂತ್ರಳಾದ ಹೊರತು ಅವನ ಮಕ್ಕಳು ಅವನ ಜನರೊಳಗೆ ಸೇರುವಂತಿರಲಿಲ್ಲ. ಮಕ್ಕಳು ತಾಯಿಯ ಮನೆತನಕ್ಕೆ ಸೇರುವ ಪದ್ಧತಿ ನಾಯರರಲ್ಲಿಯೂ ಇದ್ದಿತಷ್ಟೆ. ಎರಡು ಕಡೆಯ ಶಾಸ್ತ್ರಗಳೂ ತಾಯಿಯನ್ನೇ ಮೂಲವೆಂದು ಹೇಳಿದರೂ ಆಶುವಿನ ಬಾಳಿನಲ್ಲಿ ನಡೆದುದು ಬೇರೆ.

ಅವಳ ಸಂಸಾರದ ಚಿತ್ರವನ್ನು ಏಡನ್ನಿನ ಗೆಳೆಯರು ಕಳುಹಿಸುತ್ತಿದ್ದ ಪದಾರ್ಥಗಳಿಂದ ಕಟ್ಟಿಕೊಳ್ಳಬೇಕು: ಸಕ್ಕರೆ, ಒಣದ್ರಾಕ್ಷಿ, ಸಾಬೂನು, ಚಾಪೆ, ಬಾಣಲೆ, ಮತ್ತೆ ಮತ್ತೆ ಕಾಗದ. ಕಾಗದವು ಯಜಮಾನನ ಪತ್ರವ್ಯವಹಾರಕ್ಕೆ ಬೇಕು. ಉಳಿದುವು ಬಹಳಮಟ್ಟಿಗೆ ಅವಳ ಕೈಗೆ ಬಂದಿರಬೇಕು. ಅಪರಿಚಿತವಾದ ರುಚಿಯನ್ನು ಗಂಡನ ಸಲುವಾಗಿ ಕಲಿತಳೋ, ಅವನಿಗೇ ತನ್ನ ನಾಡಿನ ಊಟವನ್ನು ಒಗ್ಗಿಸಿದಳೋ, ಪತ್ರಗಳು ಹೇಳುವುದಿಲ್ಲ. ಅವಳ ಒಂದು ಮಾತೂ ಅವುಗಳಲ್ಲಿ ಇಲ್ಲ.

೧೧೪೯ರಲ್ಲಿ ಬೆನ್ ಯಿಜೂ ಮಕ್ಕಳೊಡನೆ ಏಡನ್ನಿಗೆ ಹಿಂದಿರುಗಿದನು. ಆ ವರ್ಷದ ಸೆಪ್ಟೆಂಬರಿನಲ್ಲಿ ಸೋದರರಿಗೆ ಬರೆದ ಪತ್ರದಲ್ಲಿ ತನ್ನ ಪ್ರಾಣವೂ ಧನವೂ ಮಕ್ಕಳೂ ಕ್ಷೇಮವೆಂದು ತಿಳಿಸಿದ್ದಾನೆ, ಹೆಂಡತಿಯ ಮಾತಿಲ್ಲ. ಮಗಳ ಹೆಸರು ಸಿತ್ ಅಲ್ ದಾರ್, ಎಂದರೆ ಮನೆಯೊಡತಿ. ತಂದೆಯ ಅಣ್ಣತಮ್ಮಂದಿರ ಮನೆಗೇ ಅವಳನ್ನು ಕೊಡಬೇಕೆಂಬ ಹಟದಿಂದ ಅವನು ಏಡನ್ನಿನ ಸಂಬಂಧವನ್ನು ಒಲ್ಲೆನೆಂದನು. ೧೧೫೬ರಲ್ಲಿ ಫುಸ್ತಾತಿನಲ್ಲಿ, ಸಿಸಿಲಿಯಿಂದ ಬಂದ, ಸೋದರ ಯೋಸೇಫನ ಮಗ ಪೆರಹ್ಯಾನೊಡನೆ ಅವಳ ವಿವಾಹವಾಯಿತು. ಆಕೆಯ ಬಳುವಳಿಯ ಪಟ್ಟಿಯೂ ಆ ರಾಶಿಯಲ್ಲಿ ದೊರೆತಿದೆ. ಹಡಗು ಹೊರಟ ದಿನ ಆಶು ಬದುಕಿದ್ದಳೇ, ದಡದಲ್ಲಿ ನಿಂತಿದ್ದಳೇ ಎಂಬುದನ್ನು ಹೇಳುವ ಚೂರು ಕಾಗದ ಮಾತ್ರ ಸಿಕ್ಕಿಲ್ಲ.