ಕ್ರೈಸ್ತ ಸಂನ್ಯಾಸದ ಮೆಟ್ಟಿಲುಗಳು

ದಾವಣಗೆರೆ, ಹರಿಹರದ ಕಡೆಯವರಿಗೆ ಕ್ರೈಸ್ತ ಕನ್ಯಾಸ್ತ್ರೀಯರು ಅಪರಿಚಿತರಲ್ಲ. ಸೆಪ್ಟೆಂಬರ್ 8ರಂದು ಹರಿಹರದ ಆರೋಗ್ಯಮಾತೆಯ ಹಬ್ಬಕ್ಕೆ ಜಾತಿ ಮತ ಎಣಿಸದೆ ಹೋಗಿಬರುವವರು ನಮ್ಮ ಸರಸ್ವತಿ ನಗರದಲ್ಲೂ ಇದ್ದಾರೆ. ಆದರೆ ಆ ಸಹೋದರಿಯರು ಆ ಉಡುಪನ್ನು ತೊಡುವ ಮುನ್ನ ಎಷ್ಟು ವರ್ಷ ಕಾದರು, ಯಾರ ಪರೀಕ್ಷೆಗೆ ಒಳಗಾದರು ಎಂದು ಕೇಳಿ ತಿಳಿದವರು ವಿರಳ. ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿ ಮಾಡಿ, ತನ್ನ ಗೆಳತಿಯ ಮಗಳು ಮಠ ಸೇರಲು ಹೊರಟಿದ್ದಾಳೆಂದೂ ತಾಯಿ ಊಟ ಬಿಟ್ಟು ಕುಳಿತಿದ್ದಾಳೆಂದೂ ಹೇಳಿದಳು. “ಸಾರ್, ಒಳಗೆ ಹೋದಮೇಲೆ ಮನಸ್ಸು ಬದಲಾದರೆ ವಾಪಸು ಬರೋಕಾಗುತ್ತಾ?” ಎಂಬುದು ಅವಳ ಪ್ರಶ್ನೆ. ಎರಡು ಮಾತಿನಲ್ಲಿ ಮುಗಿಯುವ ಉತ್ತರ ಇದಕ್ಕಿಲ್ಲವಾದ್ದರಿಂದ ಬರೆಯಲು ಕುಳಿತೆ.

ಈ ಪ್ರಶ್ನೆ ಹೊಸದೂ ಅಲ್ಲ. ಆರನೆಯ ಶತಮಾನದಲ್ಲಿ ಇಟಲಿಯ ಸಂತ ಬೆನೆಡಿಕ್ಟನು ತನ್ನ ಮಠಕ್ಕೆ ಬರೆದ ನಿಯಮಾವಳಿಯಲ್ಲಿಯೇ ಇದಕ್ಕೆ ಉತ್ತರವಿದೆ. ಹೊಸಬರನ್ನು ಸುಲಭವಾಗಿ ಸೇರಿಸಿಕೊಳ್ಳಬಾರದು. ನಾಲ್ಕೈದು ದಿನ ಬಾಗಿಲಲ್ಲೇ ಕಾಯಿಸಬೇಕು. ಒಳಗೆ ಬಿಟ್ಟ ಮೇಲೆ ಎರಡು ತಿಂಗಳ ನಂತರ, ಮತ್ತೆ ಆರು ತಿಂಗಳ ನಂತರ, ಮತ್ತೆ ನಾಲ್ಕು ತಿಂಗಳ ನಂತರ ನಿಯಮಗಳನ್ನೆಲ್ಲ ಓದಿ ಹೇಳಿ, ಪಾಲಿಸಲಾರೆಯಾದರೆ ಹೋಗಲು ನೀನು ಸ್ವತಂತ್ರ ಎನ್ನಬೇಕು. ಇದಕ್ಕಿಂತ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು ಸಣ್ಣ ವಿಧಿ. ಸಂನ್ಯಾಸಿಯಾದವನು ಕಳಚಿಟ್ಟ ಹಳೆಯ ಬಟ್ಟೆಯನ್ನು ಎಸೆಯದೆ ಮಠದ ಉಗ್ರಾಣದಲ್ಲಿ ಇಟ್ಟಿರಬೇಕು. ಮುಂದೊಂದು ದಿನ ಅವನು ಮಠ ಬಿಟ್ಟು ಹೊರಟರೆ ಉಟ್ಟುಕೊಂಡು ಹೋಗಲು ಅದು ಬೇಕಲ್ಲವೇ!

ಕಾಲಕ್ರಮೇಣ ಯೂರೋಪಿನಲ್ಲಿ ಹೆಣ್ಣುಮಕ್ಕಳನ್ನು ಆಸ್ತಿಯ ಲೆಕ್ಕಾಚಾರಕ್ಕಾಗಿ, ವರದಕ್ಷಿಣೆ ಉಳಿಸುವುದಕ್ಕಾಗಿ ಮಠಕ್ಕೆ ನೂಕುವ ಪದ್ಧತಿ ಬೆಳೆಯಿತು. ಇದನ್ನು ತಡೆಯಲು 1563ರಲ್ಲಿ ಟ್ರೆಂಟ್ ಮಹಾಸಭೆ ಕಟ್ಟುನಿಟ್ಟಿನ ಕಟ್ಟಳೆಗಳನ್ನು ಮಾಡಿತು. ಹದಿನಾರು ತುಂಬದೆ, ಒಂದು ಪೂರ್ಣ ವರ್ಷ ನೊವಿಸ್ ಆಗಿ ಕಳೆಯದೆ ವ್ರತ ಸ್ವೀಕರಿಸುವಂತಿಲ್ಲ. ಹುಡುಗಿ ಸ್ವಇಚ್ಛೆಯಿಂದ ಬಂದಿದ್ದಾಳೆಯೇ ಎಂದು ಬಿಷಪ್ಪರು ವಿಚಾರಿಸಬೇಕು. ಬಲವಂತ ಮಾಡಿದವರಿಗೆ ಬಹಿಷ್ಕಾರ. ವ್ರತಕ್ಕೆ ಮುಂಚೆ ಅನ್ನಬಟ್ಟೆಯ ಖರ್ಚು ಹೊರತು ಅವಳ ಆಸ್ತಿಯಿಂದ ಮಠಕ್ಕೆ ಏನನ್ನೂ ಕೊಡತಕ್ಕದ್ದಲ್ಲ. ಸೊತ್ತೆಲ್ಲ ಮಠದ ಕೈಸೇರಿದ್ದರೆ ಹೊರಡಬೇಕೆಂದರೂ ಹೊರಡಲಾರಳು ಎಂಬ ಕಾರಣವನ್ನೂ ಅಲ್ಲಿಯೇ ಕೊಟ್ಟಿದ್ದಾರೆ. ಈ ಕಟ್ಟಳೆ ಬರೆದವರಿಗೆ ಲೋಕಜ್ಞಾನ ಚೆನ್ನಾಗಿತ್ತು!

ಈಗ ಜಾರಿಯಲ್ಲಿರುವುದು 1983ರ ಧರ್ಮಸಂಹಿತೆ. ಮೊದಲು ಕೋರಿಕೆ ಸಲ್ಲಿಸಿದವಳಾಗಿ, ಅಂದರೆ ಪೋಸ್ಟುಲೆಂಟ್ ಆಗಿ, ಮಠದ ಬದುಕನ್ನು ನೋಡುವುದು. ಬಳಿಕ ನೊವಿಸ್ ಆಗಿ ಕನಿಷ್ಠ ಹನ್ನೆರಡು ತಿಂಗಳು; ಹದಿನೇಳು ತುಂಬದವರಿಗೆ ಅಲ್ಲಿ ಪ್ರವೇಶವಿಲ್ಲ. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳನ್ನು ಅವಧಿ ಗೊತ್ತುಮಾಡಿ ತೆಗೆದುಕೊಳ್ಳುವುದು. ಈ ಹಂತ ಸಾಮಾನ್ಯವಾಗಿ ಮೂರರಿಂದ ಆರು ವರ್ಷ. ಕೊನೆಗೆ ಜೀವನಪರ್ಯಂತದ ವ್ರತ. ಹೊರಗೆ ಬಾರದೆ ಧ್ಯಾನದಲ್ಲೇ ಇರುವ ಮಠಗಳ ಸಂನ್ಯಾಸಿನಿಯರಿಗೆ 2018ರಲ್ಲಿ ರೋಮ್ ಈ ಕಾಲವನ್ನು ಇನ್ನಷ್ಟು ಉದ್ದಮಾಡಿ, ಆರಂಭದ ಶಿಕ್ಷಣವೆಲ್ಲ ಸೇರಿ ಒಂಬತ್ತು ವರ್ಷಕ್ಕೆ ಕಡಿಮೆಯಾಗಬಾರದೆಂದಿತು. ಬಿ.ಎಡ್. ಅನ್ನು ಒಂದೇ ವರ್ಷದಲ್ಲಿ ಮುಗಿಸಿ ಮಕ್ಕಳ ಮುಂದೆ ನಿಂತ ನಮ್ಮಂಥವರಿಗೆ ಇದು ಸಾಕಷ್ಟು ದೀರ್ಘವೆನಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಏರಿಸುವ ಈ ಕ್ರಮ ನಮಗೆ ಹೊಸತಲ್ಲ. ದಿಗಂಬರ ಜೈನರಲ್ಲಿಯೂ ಕ್ಷುಲ್ಲಕ, ಐಲಕ ಎಂಬ ಹಂತಗಳನ್ನು ದಾಟಿ ಮುನಿದೀಕ್ಷೆಗೆ ಬರುವ ಪದ್ಧತಿಯಿದೆ.

ನೊವಿಸ್ ಯಾವಾಗ ಬೇಕಾದರೂ ಹೊರಡಬಹುದು. ಅವಧಿಯ ವ್ರತ ಮುಗಿದ ದಿನವೂ ಹೊರಡಬಹುದು. ಕೊನೆಯ ವ್ರತವಾದ ಮೇಲೆ ಮಾತ್ರ ಗುರುತರ ಕಾರಣ ಹೇಳಿ ಮೇಲಿನವರ ಅನುಮತಿ ಪಡೆಯಬೇಕು. ಆದರೆ ಹೊರಟವಳು ತಾನು ಅಲ್ಲಿ ಮಾಡಿದ ಕೆಲಸಕ್ಕೆ ಏನನ್ನೂ ಹಕ್ಕಿನಿಂದ ಕೇಳುವಂತಿಲ್ಲ. ಸಂಸ್ಥೆ ಅವಳೊಡನೆ ನ್ಯಾಯದಿಂದಲೂ ಪ್ರೀತಿಯಿಂದಲೂ ನಡೆದುಕೊಳ್ಳಬೇಕು ಎಂದಷ್ಟೇ ಸಂಹಿತೆ ಹೇಳುತ್ತದೆ. ಇದು ಸಾಲದೆಂದು ನನ್ನ ಅಭಿಪ್ರಾಯ. ಮೂವತ್ತೈದನೆಯ ವಯಸ್ಸಿಗೆ ಬರಿಗೈಯಲ್ಲಿ ಹೊರಬಂದವಳಿಗೆ ತವರಿನ ಬಾಗಿಲೂ ಮುಚ್ಚಿದ್ದರೆ ಕಾಗದದ ಮೇಲಿನ ಸ್ವಾತಂತ್ರ್ಯ ಎಷ್ಟರ ಮಟ್ಟಿನದು?

ಇನ್ನು ನಮ್ಮ ನಾಡಿನಲ್ಲೇ ನಡೆದ ಒಂದು ನಿದರ್ಶನ. ಮರಿಯಮ್ ಬವಾರ್ದಿ 1846ರಲ್ಲಿ ಪ್ಯಾಲೆಸ್ಟೈನಿನ ಗಲಿಲಾಯ ಪ್ರಾಂತ್ಯದ ಇಬಿಲ್ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಅರಬ್ ಹುಡುಗಿ. ಚಿಕ್ಕಂದಿನಲ್ಲೇ ತಂದೆತಾಯಿಯರನ್ನು ಕಳೆದುಕೊಂಡು, ಊರೂರು ಅಲೆದು, ಮನೆಗೆಲಸ ಮಾಡಿ ಬದುಕಿದವಳು. 1865ರಲ್ಲಿ ಫ್ರಾನ್ಸಿನ ಮಾರ್ಸೇಲ್ ನಗರದಲ್ಲಿ ಸಂತ ಜೋಸೆಫರ ಹೆಸರಿನ ಸಹೋದರಿಯರ ಸಂಘ ಸೇರಿದಳು. ಎರಡು ವರ್ಷವಾದ ಮೇಲೆ ಸಹೋದರಿಯರು ಅವಳನ್ನು ಮುಂದಕ್ಕೆ ತೆಗೆದುಕೊಳ್ಳಬಾರದೆಂದು ಮತ ಹಾಕಿದರು. ಅವಳು ಆಗಾಗ ಮೈಮರೆತು ಭಾವಸಮಾಧಿಗೆ ಹೋಗುತ್ತಿದ್ದಳು. ಶಾಲೆ, ಆಸ್ಪತ್ರೆಗಳಲ್ಲಿ ದುಡಿಯುವ ಸಂಘಕ್ಕೆ ಅದು ಒಗ್ಗಲಿಲ್ಲ.

ಅಲ್ಲಿ ಅವಳ ಕೈಹಿಡಿದವರು ಮದರ್ ವೆರೋನಿಕಾ. ಕಾನ್‌ಸ್ಟಾಂಟಿನೋಪಲಿನಲ್ಲಿ ಆಂಗ್ಲಿಕನ್ ಪಾದ್ರಿಯ ಮಗಳಾಗಿ ಹುಟ್ಟಿದ ಈಕೆ 1851ರಿಂದಲೇ ಸಂನ್ಯಾಸಿನಿ. ನಮ್ಮ ಪಶ್ಚಿಮ ಕರಾವಳಿಯಲ್ಲೂ ಸೇವೆ ಸಲ್ಲಿಸಿದ್ದವರು. ಆದರೂ ಕಾರ್ಮೆಲ್ ಮಠ ಸೇರಬೇಕೆಂದು 1867ರ ಜೂನಿನಲ್ಲಿ, ನಲವತ್ತಮೂರನೆಯ ವಯಸ್ಸಿನಲ್ಲಿ, ಪೋ ಎಂಬ ಊರಿಗೆ ಹೋಗಿ ಮತ್ತೆ ಮೊದಲ ಮೆಟ್ಟಿಲಿನಿಂದ ಆರಂಭಿಸಿದರು. ಜೊತೆಗೆ ಮರಿಯಮಳನ್ನೂ ಕರೆದೊಯ್ದರು. ಮರುವರ್ಷ ಬಯೋನ್‌ನಲ್ಲಿ ಅವರು ಸ್ಥಾಪಿಸಿದ್ದೇ ಅಪೋಸ್ತಲಿಕ್ ಕಾರ್ಮೆಲ್ ಸಂಘ. ಮುಂದೆ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಕಾಲೇಜನ್ನು ತೆರೆದ ಸಂಘ ಅದೇ.

ಮಂಗಳೂರಿನ ಬಿಷಪ್ ಮರಿ ಎಫ್ರೆಮರ ಕರೆಗೆ ಓಗೊಟ್ಟು 1870ರ ಆಗಸ್ಟಿನಲ್ಲಿ ಪೋ ಮಠದ ಒಂದು ತಂಡ ಹಡಗು ಹತ್ತಿತು. ದಾರಿಯಲ್ಲೇ ಮೂವರು ಸಹೋದರಿಯರು ತೀರಿಕೊಂಡರು. ಇನ್ನೂ ನೊವಿಸ್ ಆಗಿದ್ದ ಮರಿಯಮ್ ಬದುಕಿ ಬಂದಳು. 1867ರ ಜುಲೈನಲ್ಲಿ ಉಡುಪು ತೊಟ್ಟವಳು ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದ್ದು 1871ರ ನವೆಂಬರ್ 21ರಂದು. ಒಂದು ವರ್ಷ ಸಾಕೆಂದಿದ್ದ ಕಡೆ ನಾಲ್ಕು ವರ್ಷದ ಮೇಲೆ ನಾಲ್ಕು ತಿಂಗಳು! ಎಲ್ಲ ಸಂಘಗಳಿಗೂ ಅವಧಿಯ ವ್ರತವನ್ನು ಕಡ್ಡಾಯ ಮಾಡಿದ್ದು 1917ರ ಸಂಹಿತೆ. ಆದ್ದರಿಂದ ಅವಳ ವ್ರತ ನೇರವಾಗಿ ಜೀವನಪರ್ಯಂತದ್ದು.

ಅಷ್ಟಾದರೂ ನೆಮ್ಮದಿ ಸಿಗಲಿಲ್ಲ. ಅವಳ ಅನುಭವಗಳನ್ನು ಮೊದಲು ನಂಬಿದ ಬಿಷಪ್ಪರಿಗೂ ಮಠದ ಹಿರಿಯರಿಗೂ ಆಮೇಲೆ ಸಂದೇಹ ಹುಟ್ಟಿತು, ಭ್ರಮೆ ಎಂದರು. 1872ರಲ್ಲಿ ಅವಳನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಿದರು. ನಿಯಮಗಳೆಲ್ಲ ಒಳಗೆ ಬರುವವಳ ಮನಸ್ಸನ್ನು ತೂಗುತ್ತವೆ. ತೂಗುವವರ ಮನಸ್ಸನ್ನು ತೂಗುವವರು ಯಾರೆಂಬುದು ಇಲ್ಲಿ ನನ್ನನ್ನು ಕಾಡುವ ಮಾತು. ಪೋ ಮಠ ಮಾತ್ರ ಅವಳನ್ನು ಬರಮಾಡಿಕೊಂಡಿತು. 1875ರಲ್ಲಿ ಬೆತ್ಲೆಹೇಮಿಗೆ ಹೋಗಿ ಅಲ್ಲೊಂದು ಕಾರ್ಮೆಲ್ ಮಠ ಕಟ್ಟಿಸಲು ನಿಂತಳು. ಕಟ್ಟಡದ ಕೆಲಸಗಾರರಿಗೆ ನೀರು ಹೊತ್ತು ತರುವಾಗ ಬಿದ್ದು ಕೈ ಮುರಿಯಿತು; ಗಾಯ ಕೊಳೆತು 1878ರ ಆಗಸ್ಟ್ 26ರಂದು ತೀರಿಕೊಂಡಳು. ಆಗ ಅವಳಿಗೆ ಮೂವತ್ತೆರಡು. ಮಾರ್ಸೇಲ್ ಬೇಡವೆಂದ, ಮಂಗಳೂರು ಹಿಂದಕ್ಕೆ ಕಳುಹಿಸಿದ ಈ ಹೆಣ್ಣುಮಗಳನ್ನು ಪೋಪ್ ಫ್ರಾನ್ಸಿಸರು 2015ರ ಮೇ 17ರಂದು ಸಂತಳೆಂದು ಸಾರಿದರು.