ಹೊರೆ ಯಾವ ಅರ್ಧದ ಮೇಲೆ? ವಿಮಾನದ ಶಾಖ ವಿನಿಮಯಕಗಳಲ್ಲಿ ಅಸಮ ಹರಿವಿನ ನಷ್ಟ: ಒಂದು ಮರುಪರಿಶೀಲನೆ

ಬೆಂಗಳೂರಿನ ಏರೋನಾಟಿಕಲ್ ಡೆವಲಪ್‌ಮೆಂಟ್ ಏಜೆನ್ಸಿಯ ಸಿ. ರಂಗನಾಯಕುಲು ಅವರು ಕೆ.ಎನ್. ಸೀತಾರಾಮು ಜೊತೆ ಸೇರಿ 1999ರಲ್ಲಿ ಒಂದು ಲೇಖನ ಪ್ರಕಟಿಸಿದರು. ಅಡ್ಡಹರಿವಿನ ಪ್ಲೇಟ್-ಫಿನ್ ವಿನಿಮಯಕಗಳಲ್ಲಿ ಗಾಳಿ ಅಸಮವಾಗಿ ಹರಿಯುವುದು, ಒಳಬರುವ ಗಾಳಿಯ ಉಷ್ಣತೆ ಎಲ್ಲೆಡೆ ಒಂದೇ ಆಗಿರದಿರುವುದು, ಲೋಹದ ಗೋಡೆಯುದ್ದಕ್ಕೂ ಶಾಖ ಸರಿಯುವುದು: ಈ ಮೂರೂ ಸೇರಿ ತರುವ ನಷ್ಟವನ್ನು ಯಾವಾಗಲೂ ಕಡೆಗಣಿಸಲಾಗದು ಎಂಬುದು ಅವರ ತೀರ್ಮಾನ. ಎರಡೂ ಬದಿಯ ಶಾಖವಾಹಕ ಸಾಮರ್ಥ್ಯ ಸಮವಾಗಿದ್ದಾಗ, ಅಂದರೆ ಅನುಪಾತ 1 ಆದಾಗ, ಇದು ಹೆಚ್ಚು ಕಾಡುತ್ತದೆ ಎಂದೂ ಅವರು ಹೇಳಿದರು. ಫಲಿತಾಂಶದ ಬಗ್ಗೆ ನನ್ನ ತಕರಾರಿಲ್ಲ. ಅದನ್ನು ಓದುವ ರೂಢಿಯ ಬಗ್ಗೆ ಇದೆ.

ಹಿನ್ನೆಲೆ ಎಲ್ಲರಿಗೂ ಗೊತ್ತಿರುವುದೇ. ಎಂಜಿನ್ನಿನ ಕಂಪ್ರೆಸರ್‌ನಿಂದ ಎಳೆದ ಬಿಸಿ ಬ್ಲೀಡ್ ಗಾಳಿಯನ್ನು ಈ ವಿನಿಮಯಕಗಳಲ್ಲಿ ಹೊರಗಿನ ರ್‍ಯಾಮ್ ಗಾಳಿ ತಣಿಸುತ್ತದೆ. ಬಳಿಕ ಟರ್ಬೈನಿನಲ್ಲಿ ಹಿಗ್ಗಿ ಇನ್ನಷ್ಟು ತಣಿದ ಗಾಳಿ ಕಾಕ್‌ಪಿಟ್ಟಿಗೂ ಎಲೆಕ್ಟ್ರಾನಿಕ್ ಉಪಕರಣಗಳಿಗೂ ಹೋಗುತ್ತದೆ. ಫಿನ್‌ಗಳ ಮೂಲ ದತ್ತಾಂಶ ಕೇಸ್ ಮತ್ತು ಲಂಡನ್ ಅವರ 1955ರ ಗ್ರಂಥದಿಂದ ಬಂತು. ತುಂಡು ಫಿನ್‌ಗಳಿಗೆ ವೀಟಿಂಗ್ 1975ರಲ್ಲಿ, ಮಾಂಗ್ಲಿಕ್ ಮತ್ತು ಬರ್ಗಲ್ಸ್ 1995ರಲ್ಲಿ ಸೂತ್ರ ಕೊಟ್ಟರು. ಅಸಮ ಹರಿವಿನ ನಷ್ಟವನ್ನು ಚಿಯೊ 1978ರಲ್ಲೇ ಲೆಕ್ಕ ಹಾಕಿದ್ದರು. ಇವುಗಳಲ್ಲಿ ವಿವಾದವಿಲ್ಲ.

ವಿವಾದ ಇರುವುದು ಇಲ್ಲಿ. ಅಸಮ ಹರಿವಿನ ನಷ್ಟವನ್ನು ವಿನ್ಯಾಸಕಾರರು ಒಂದು ಸ್ಥಿರ ಶೇಕಡಾವಾರು ಎಂದು ಹಿಡಿದು, ಅಷ್ಟು ಮೇಲ್ಮೈ ಹೆಚ್ಚಿಸಿ ತುಂಬಿಕೊಳ್ಳುವುದುಂಟು. ಆದರೆ ಮೇಲ್ಮೈ ಹೆಚ್ಚಾದಂತೆ ನಷ್ಟದ ಪಾಲೂ ಬೆಳೆಯುತ್ತದೆ. ಎಷ್ಟು ಬೆಳೆಯುತ್ತದೆ ಎಂಬುದು ವಿಮಾನ ಯಾವ ಊರಿನಲ್ಲಿ ನಿಂತಿದೆ ಎಂಬುದನ್ನೂ ಅವಲಂಬಿಸುತ್ತದೆ. ಇದು ನನ್ನ ವಾದ.

ಮೇಜಿನ ಮೇಲೆ ಕಾಗದ, ಕ್ಯಾಲ್ಕ್ಯುಲೇಟರ್ ಇಟ್ಟುಕೊಂಡೇ ಇದನ್ನು ಪರೀಕ್ಷಿಸಬಹುದು. ವಿನಿಮಯಕವನ್ನು ಎರಡು ಅರ್ಧವಾಗಿ ಭಾವಿಸೋಣ. ಬ್ಲೀಡ್ ಗಾಳಿ ಎರಡಕ್ಕೂ ಸಮ. ರ್‍ಯಾಮ್ ಗಾಳಿ ಮಾತ್ರ ಒಂದಕ್ಕೆ ಸರಾಸರಿಗಿಂತ ಶೇ 30 ಹೆಚ್ಚು, ಇನ್ನೊಂದಕ್ಕೆ ಶೇ 30 ಕಡಿಮೆ. ಎರಡೂ ಗಾಳಿ ಬೆರೆಯದ ಅಡ್ಡಹರಿವಿನ ಪ್ರಚಲಿತ ಸೂತ್ರವನ್ನು ಪ್ರತಿ ಅರ್ಧಕ್ಕೂ ಹಚ್ಚಿ ಸರಾಸರಿ ತೆಗೆದೆ.

ಅನುಪಾತ 1, ಎನ್‌ಟಿಯು (ಗಾಳಿಯ ಸಾಮರ್ಥ್ಯಕ್ಕೆ ಹೋಲಿಸಿ ಶಾಖ ದಾಟಿಸುವ ಮೇಲ್ಮೈಯ ಅಳತೆ) 2 ಆಗಿದ್ದಾಗ ಪರಿಣಾಮಕತೆ, ಅಂದರೆ ದಾಟಬಹುದಾದ ಗರಿಷ್ಠ ಶಾಖದಲ್ಲಿ ನಿಜಕ್ಕೂ ದಾಟಿದ ಪಾಲು, 0.615ರಿಂದ 0.602ಕ್ಕೆ ಇಳಿಯುತ್ತದೆ, ಶಾಖ ವರ್ಗಾವಣೆಯಲ್ಲಿ ಶೇ 2.2 ನಷ್ಟ. ಮೇಲ್ಮೈಯನ್ನು ಮೂರು ಪಟ್ಟು ಮಾಡಿ ಎನ್‌ಟಿಯು 6ಕ್ಕೆ ಏರಿಸಿದರೆ 0.767 ಇರಬೇಕಾದದ್ದು 0.733 ಆಗುತ್ತದೆ, ನಷ್ಟ ಶೇ 4.4. ದುಪ್ಪಟ್ಟು! ಕಾರಣ ಸರಳ. ಗಾಳಿ ಕಡಿಮೆ ಬಂದ ಅರ್ಧದಲ್ಲಿ ಆ ಗಾಳಿ ಬೇಗನೆ ಬಿಸಿಯೇರಿ, ಮುಂದಿನ ಫಿನ್‌ಗಳಿಂದ ಹೊರಲು ಅದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ. ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ರೈತನಿಗೆ ಇನ್ನೆರಡು ಎಕರೆ ಕೊಟ್ಟಂತೆ: ಗದ್ದೆ ಹೆಚ್ಚಿತು, ನೀರು ಹೆಚ್ಚಲಿಲ್ಲ.

ಈಗ ಊರಿನ ಪ್ರಶ್ನೆ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 888 ಮೀಟರ್ ಎತ್ತರದಲ್ಲಿದೆ, ಲೇಹ್ ನಿಲ್ದಾಣ ಸುಮಾರು 3,256 ಮೀಟರ್ ಎತ್ತರದಲ್ಲಿ. ಪ್ರಮಾಣಿತ ವಾಯುಮಂಡಲದ ಲೆಕ್ಕದಲ್ಲಿ ಒತ್ತಡ ಕ್ರಮವಾಗಿ 91 ಮತ್ತು 68 ಕಿಲೋಪ್ಯಾಸ್ಕಲ್. ಬೆಂಗಳೂರಿನಲ್ಲಿ 30 ಡಿಗ್ರಿ, ಲೇಹ್‌ನಲ್ಲಿ 20 ಡಿಗ್ರಿ ಎಂದುಕೊಂಡರೆ ಅಲ್ಲಿನ ಗಾಳಿಯ ಸಾಂದ್ರತೆ ಇಲ್ಲಿನದರ 0.77 ಪಾಲು. ನಿಂತ ವಿಮಾನದಲ್ಲಿ ರ್‍ಯಾಮ್ ಗಾಳಿಯನ್ನು ಎಳೆಯುವುದು ಫ್ಯಾನ್. ಅದು ಅದೇ ವೇಗದಲ್ಲಿ ತಿರುಗಿದರೆ ಎಳೆಯುವ ಘನಗಾತ್ರ ಹೆಚ್ಚುಕಡಿಮೆ ಅಷ್ಟೇ, ಆದರೆ ರಾಶಿ ಇಳಿಯುತ್ತದೆ. ಬೆಂಗಳೂರಿನಲ್ಲಿ ರ್‍ಯಾಮ್ ಬದಿಯ ಸಾಮರ್ಥ್ಯ ಬ್ಲೀಡ್‌ನ 1.3 ಪಟ್ಟು ಇದ್ದ ವಿನಿಮಯಕ ಲೇಹ್‌ನಲ್ಲಿ ಸರಿಯಾಗಿ ಸಮತೋಲಕ್ಕೆ ಬಂದು ನಿಲ್ಲುತ್ತದೆ: ರಂಗನಾಯಕುಲು-ಸೀತಾರಾಮು ಎಚ್ಚರಿಸಿದ ಅದೇ ಬಿಂದುವಿಗೆ.

ಅದೇ ಎರಡು ಅರ್ಧಗಳ ಲೆಕ್ಕದಲ್ಲಿ, ಎನ್‌ಟಿಯು 6ರ ವಿನಿಮಯಕದ ನಷ್ಟ ಬೆಂಗಳೂರಿನಲ್ಲಿ ಶೇ 3.2, ಲೇಹ್‌ನಲ್ಲಿ ಶೇ 4.4. ನನಗೇ ಅಚ್ಚರಿಯಾದದ್ದು ಮುಂದಿನ ಸಾಲು: ಎನ್‌ಟಿಯು 2ರ ವಿನಿಮಯಕದಲ್ಲಿ ಎರಡೂ ಊರಿನ ನಷ್ಟ ಶೇ 2.2ರ ಆಸುಪಾಸಿನಲ್ಲೇ ಉಳಿಯುತ್ತದೆ. ಸುರಕ್ಷತೆಗೆಂದು ದೊಡ್ಡದು ಮಾಡಿದ ವಿನಿಮಯಕವೇ ಊರಿಗೆ ಹೆಚ್ಚು ಬಗ್ಗುತ್ತದೆ, ಚಿಕ್ಕದು ಬಗ್ಗುವುದಿಲ್ಲ.

ಈ ವಾದಕ್ಕೆ ಕೆಲವು ಕಡಿವಾಣಗಳನ್ನು ನಾನೇ ಹಾಕಬೇಕು. ಒಂದು ಚದರ ಮೀಟರಿಗೆ ಶಾಖ ದಾಟುವ ಗುಣಾಂಕ ಎರಡೂ ಅರ್ಧದಲ್ಲಿ ಒಂದೇ ಎಂದು ಹಿಡಿದಿದ್ದೇನೆ. ನಿಜದಲ್ಲಿ ಅದು ಗಾಳಿಯ ವೇಗದೊಡನೆ ಬದಲಾಗುತ್ತದೆ. ಫ್ಯಾನ್ ಟರ್ಬೈನಿನ ದಂಡಕ್ಕೇ ಕೂತಿರುವ ಯಂತ್ರಗಳಲ್ಲಿ ವೇಗ ಸ್ಥಿರವಲ್ಲ. ಇವೆಲ್ಲಕ್ಕಿಂತ ದೊಡ್ಡ ಆಕ್ಷೇಪ ಬ್ಲೀಡ್ ಬದಿಯದು: ತೆಳುವಾದ ಗಾಳಿಯಲ್ಲಿ ಐಡಲ್‌ನಲ್ಲಿರುವ ಎಂಜಿನ್ನಿನ ಬ್ಲೀಡ್ ಒತ್ತಡವೂ ಇಳಿಯುತ್ತದೆ. ಬ್ಲೀಡ್ ಹರಿವೂ ಅದೇ ಪ್ರಮಾಣದಲ್ಲಿ ಕುಸಿದರೆ ಅನುಪಾತ ಕದಲುವುದೇ ಇಲ್ಲ, ನನ್ನ ವಾದದ ಈ ಭಾಗ ಬಿದ್ದುಹೋಗುತ್ತದೆ. ನಿಯಂತ್ರಕ ಕವಾಟ ಹರಿವನ್ನು ಹಿಡಿದಿಡುವ ವಿನ್ಯಾಸಗಳಿಗೆ ಮಾತ್ರ ಅದು ಅನ್ವಯ. ತೇಜಸ್ ಯುದ್ಧವಿಮಾನದ ಒಂದು ಲೇಹ್ ಪರೀಕ್ಷೆ ನಡೆದದ್ದು 2008ರ ಡಿಸೆಂಬರಿನ ಚಳಿಯಲ್ಲಿ. ಆ ಉಷ್ಣತೆಯಲ್ಲಿ ಗಾಳಿ ಇನ್ನಷ್ಟು ಸಾಂದ್ರ, ತಣಿಸುವ ಹೊರೆಯೂ ಕಡಿಮೆ. ನನ್ನ ಲೆಕ್ಕ ಬೇಸಿಗೆಯ ಮಧ್ಯಾಹ್ನದ್ದು.

ಇಷ್ಟು ತಗ್ಗಿಸಿಕೊಂಡ ಮೇಲೂ ಒಂದು ಆಯ್ಕೆ ಉಳಿಯುತ್ತದೆ. ಮೇಲ್ಮೈ ಬೆಳೆಸಿದರೆ ತೂಕ, ಒತ್ತಡನಷ್ಟ, ಹಾರಾಟದಲ್ಲಿ ರ್‍ಯಾಮ್ ಡ್ರ್ಯಾಗ್ ಮೂರೂ ಬೆಳೆಯುತ್ತವೆ. ವಿನಿಮಯಕಕ್ಕೆ ಗಾಳಿ ಒಳಬರುವ ಹೆಡರಿನಲ್ಲಿ ಅದನ್ನು ಹಂಚುವ ತೆಳು ತಗಡಿನ ದಾರಿಗಳನ್ನು ಕೂರಿಸಿದರೆ ಅಸಮತೆಯನ್ನೇ ತಗ್ಗಿಸಬಹುದು. ಅದಕ್ಕೂ ಕೊಂಚ ಒತ್ತಡನಷ್ಟ ತೆರಬೇಕು. ಮಾದರಿ ತಗಡಿನ ಕೆಲಸಕ್ಕೆ ಪೀಣ್ಯದ ವರ್ಕ್‌ಶಾಪುಗಳು ಸಾಕು, ಫಿನ್‌ಗಳ ಕೋರ್ ಬೆಸೆಯಲು ಸಾಮಾನ್ಯವಾಗಿ ನಿರ್ವಾತ ಕುಲುಮೆ ಬೇಕು. ದುಡಿಮೆ ಹೆಡರಿನ ಕಡೆಯಿಂದ ಮೊದಲಾಗಬೇಕೆಂಬುದಕ್ಕೆ ಇದೂ ಒಂದು ಕಾರಣ.

ಶೇ 30 ಎಂಬುದು ನಾನು ಹಿಡಿದ ಅಂಕಿ. ಗಾಳಿ ತರುವ ಬಾಗಿದ ಡಕ್ಟ್ ಜೋಡಿಸಿಯೇ ಕೋರಿನ ಮುಖದ ಮೇಲೆ ಬಿಂದುಬಿಂದುವಾಗಿ ವೇಗ ಅಳೆದು, ಬ್ಲೀಡ್ ಹರಿವನ್ನೂ ಜೊತೆಗೆ ದಾಖಲಿಸದ ಹೊರತು ಎರಡು ಅರ್ಧಗಳ ಚಿತ್ರ ಎಷ್ಟು ನಿಜ ಎಂದು ಹೇಳಲಾಗದು. ಆ ಅಳತೆಯನ್ನು ಬೆಂಗಳೂರಿನಲ್ಲೊಮ್ಮೆ, ಜುಲೈಯಲ್ಲಿ ಲೇಹ್‌ನಲ್ಲೊಮ್ಮೆ ತೆಗೆಯಬೇಕು.