ಅನುಮೋದನೆಯ ದೋಷ: 1930ರ ಸ್ವರಾಜ್ಯ ಪ್ರತಿಜ್ಞೆ

ಪ್ರತಿ ವರ್ಷ ಜನವರಿ 26ರಂದು ಭೂತನಾಳ, ತಿಕೋಟಾ, ಬಬಲೇಶ್ವರಗಳ ಶಾಲೆಗಳಲ್ಲಿ ಧ್ವಜವಂದನೆ ನಡೆಯುತ್ತದೆ. ಸಂವಿಧಾನವು 1949ರ ನವೆಂಬರ್ 26ರಂದೇ ಅಂಗೀಕೃತವಾದರೂ ಪೂರ್ಣವಾಗಿ ಜಾರಿಗೆ ಬರಲು ಎರಡು ತಿಂಗಳು ಕಾದದ್ದೇಕೆ ಎಂಬುದನ್ನು ಮಕ್ಕಳಿಗೆ ತಿಳಿಸುವವರು ವಿರಳ. ಆ ದಿನಾಂಕದ ಹಿಂದೆ ಒಂದು ಪುಟ್ಟ ಪ್ರತಿಜ್ಞಾಪತ್ರವಿದೆ.

1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನವು ಪೂರ್ಣ ಸ್ವರಾಜ್ಯವನ್ನು ಗುರಿಯೆಂದು ಸಾರಿತು. ಮರುತಿಂಗಳು, 1930ರ ಜನವರಿ 26ರ ಭಾನುವಾರ, ದೇಶದ ಊರೂರುಗಳ ಸಭೆಗಳಲ್ಲಿ ಆ ಪ್ರತಿಜ್ಞೆಯನ್ನು ಓದಲಾಯಿತು.

ಅದರ ರಚನೆ ಅಮೆರಿಕದ 1776ರ ಘೋಷಣೆಯನ್ನು ನೆನಪಿಸುತ್ತದೆ. ಸ್ವಾತಂತ್ರ್ಯವು ಎಲ್ಲ ಜನರ ಹಕ್ಕು. ಅದನ್ನು ಕಸಿಯುವ ಸರಕಾರವನ್ನು ಬದಲಿಸುವ ಇಲ್ಲವೆ ತೆಗೆದುಹಾಕುವ ಹಕ್ಕೂ ಜನರಿಗುಂಟು ಎಂಬುದು ಮೊದಲ ಮಾತು. ಅನಂತರ ದೋಷಾರೋಪಣೆ, ಕೊನೆಗೆ ಸಂಕಲ್ಪ. ಆರ್ಥಿಕ, ರಾಜಕೀಯ, ಸಾಂಸ್ಕೃತಿಕ, ಆಧ್ಯಾತ್ಮಿಕವೆಂದು ಹಾನಿಯನ್ನು ನಾಲ್ಕಾಗಿ ವಿಂಗಡಿಸಲಾಗಿದೆ. ರೂಪಾಯಿಗೆ 64 ಪೈಸೆಯಿದ್ದ ಆ ಕಾಲದಲ್ಲಿ ಭಾರತೀಯನ ಸರಾಸರಿ ದಿನದ ಆದಾಯ 7 ಪೈಸೆ. ತೆರಿಗೆಯಲ್ಲಿ ಶೇಕಡಾ 20ರಷ್ಟು ರೈತರ ಭೂಕಂದಾಯ, ಶೇಕಡಾ 3ರಷ್ಟು ಉಪ್ಪಿನ ಕರ. ನೂಲುವ ಕಸುಬು ಅಳಿದು ರೈತ ವರ್ಷಕ್ಕೆ ನಾಲ್ಕು ತಿಂಗಳಾದರೂ ಕೆಲಸವಿಲ್ಲದೆ ಕೂಡುತ್ತಾನೆ. ಹಿಂಗಾರಿ ಜೋಳವನ್ನೇ ನಂಬಿದ ಎರೆಭೂಮಿಯ ನಮ್ಮ ಹಿರಿಯರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. 1876-78ರ ಬರವನ್ನು ಉಂಡ ಜಿಲ್ಲೆ ಇದು.

ಆದರೆ ಕೊನೆಯ ಭಾಗದಲ್ಲಿ ಎರಡು ಪತ್ರಗಳ ದಾರಿ ಬೇರೆಯಾಗುತ್ತದೆ. ಅಮೆರಿಕದವರು ಸಹಿ ಹಾಕುವಾಗ ಯುದ್ಧ ಆಗಲೇ ನಡೆದಿತ್ತು. ಇಲ್ಲಿ ಹಿಂಸೆಯು ಪರಿಣಾಮಕಾರಿ ಮಾರ್ಗವಲ್ಲವೆಂದು ಹೇಳಿ, ಇಂಥ ಆಳ್ವಿಕೆಗೆ ಇನ್ನೂ ತಲೆಬಾಗುವುದೇ ಅಪರಾಧವೆಂದು ಸಾರಲಾಗಿದೆ. ನಾವು ಸ್ವಇಚ್ಛೆಯಿಂದ ಕೊಡುತ್ತಿರುವ ಸಹಕಾರವನ್ನು ಹಿಂದೆಗೆಯಬೇಕು, ಕರ ನಿರಾಕರಣೆಗೂ ಸಿದ್ಧರಾಗಬೇಕು, ಕೆರಳಿಸಿದರೂ ಕೈಯೆತ್ತಬಾರದು.

ಶ್ರಾವಕರಿಗೆ ಇದು ಪರಿಚಿತ ವಿಚಾರ. ಪಾಪಾಸ್ರವಕ್ಕೆ ಕೃತ, ಕಾರಿತ, ಅನುಮತ ಎಂಬ ಮೂರು ದ್ವಾರಗಳನ್ನು ತತ್ತ್ವಾರ್ಥಸೂತ್ರ ಹೇಳುತ್ತದೆ. ಜಪಮಾಲೆಯ 108 ಮಣಿಗಳ ಎಣಿಕೆಯಲ್ಲಿಯೂ ಈ ಮೂರು ಸೇರಿವೆ. ತಾನು ಮಾಡದೆ, ಮಾಡಿಸದೆ, ಸುಮ್ಮನೆ ಒಪ್ಪಿಕೊಂಡವನೂ ಪಾಲುದಾರನೇ. ಪ್ರತಿಜ್ಞೆಯನ್ನು ಬರೆದವರು ಈ ಸೂತ್ರವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದರೆಂದು ನಾನು ಹೇಳುತ್ತಿಲ್ಲ. ತರ್ಕ ಮಾತ್ರ ಅದೇ.

ಒಂದು ಕಡೆ ನಮ್ಮವರು ತಡೆದು ನಿಲ್ಲುವುದು ಸಹಜ. ಆಧ್ಯಾತ್ಮಿಕ ಹಾನಿಯ ಹೆಸರಿನಲ್ಲಿ ಈ ಪತ್ರವು ಜನರ ಆಯುಧ ಕಿತ್ತುಕೊಂಡು ಅವರನ್ನು ಪೌರುಷಹೀನರನ್ನಾಗಿ ಮಾಡಲಾಯಿತೆಂದು ದೂರುತ್ತದೆ. ಮರುಗಳಿಗೆಯೇ ಅಹಿಂಸೆಯನ್ನು ಕೈಕೊಳ್ಳುತ್ತದೆ. ಇದು ವಿರೋಧಾಭಾಸವೆಂದು ನನಗೂ ಮೊದಲು ತೋರಿತ್ತು. ಆದರೆ ತ್ಯಾಗವೆಂದರೆ ಇರುವುದನ್ನು ಬಿಡುವುದು. ಅಂಜಿಕೆಯಿಂದ ಸುಮ್ಮನಿದ್ದವನ ಅಹಿಂಸೆಯನ್ನು ನಮ್ಮ ಆಚಾರ್ಯರು ವ್ರತವೆಂದು ಕರೆದಿಲ್ಲ. ಗೃಹಸ್ಥನ ವಿರೋಧೀ ಹಿಂಸೆಯನ್ನು ಅವರು ಬೇರೆಯಾಗಿಯೇ ಎಣಿಸಿದರು.

ಈ ವ್ರತದ ಬೆಲೆಯನ್ನು ತೆತ್ತವರು, ವಿಜಾಪುರದಂತೆಯೇ ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡದ ರೈತರು. ಅಂಕೋಲಾ, ಸಿದ್ದಾಪುರ ತಾಲೂಕುಗಳಲ್ಲಿ ಅವರು ಕಂದಾಯ ಕೊಡಲಿಲ್ಲ. ಹೊಲಮನೆಗಳು ಜಪ್ತಾದವು, ಹರಾಜಾದವು. ಹೆಂಗಸರೂ ಸೆರೆಮನೆ ಕಂಡರು. ಕಳೆದುಕೊಂಡ ಭೂಮಿಯನ್ನು ಮರಳಿ ಕೊಡಿಸಲು ಮುಂಬಯಿಯ ಕಾಂಗ್ರೆಸ್ ಸರಕಾರವು 1938ರಲ್ಲಿ ಕಾನೂನನ್ನೇ ಮಾಡಬೇಕಾಯಿತು.